ಅಳಿವೆಯ ದಡದಲ್ಲಿ ಬಲೆ ಹರಡುವವರು

ಚೆನ್ನೈಗೆ ಯಾತ್ರೆ ಹೋಗಿಬಂದ ನಮ್ಮ ಕುಟುಂಬಗಳಿಗೆ ಅಡ್ಯಾರ್ ನದಿ ಅಪರಿಚಿತವೇನಲ್ಲ. ಆದರೂ ಅದನ್ನು ನೋಡಿದ ನೆನಪು ಬಹುಶಃ ಯಾರಿಗೂ ಇರಲಾರದು. ಪ್ರೇಷಿತರಾದ ಸಂತ ತೋಮಾಸರು ತಂಗಿದ್ದರೆಂದು ಪರಂಪರೆ ಹೇಳುವ ಚಿನ್ನಮಲೈ ಗುಡ್ಡ ಇರುವುದು ಅದೇ ನದಿಯ ಬಳಿಯಲ್ಲಿ. ಸಾಂತೋಮ್ ಪ್ರಧಾನಾಲಯದಿಂದ ಬೆಸೆಂಟ್ ನಗರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಹೋಗಬೇಕಾದರೆ ಅದನ್ನು ದಾಟಲೇಬೇಕು. ದಾಟುವಾಗ ನಾವು ಮಾಡುವ ಕೆಲಸ ಒಂದೇ: ಬಸ್ಸಿನ ಕಿಟಕಿ ಮುಚ್ಚಿ ಮೂಗಿಗೆ ಕರವಸ್ತ್ರ ಹಿಡಿಯುವುದು. ನಾನೂ ಹಾಗೆ ಮಾಡಿದವನೇ. ಜಪಸರ ಮಾತ್ರ ನಿಲ್ಲಲಿಲ್ಲ ಎಂಬುದು ಆಗ ನನ್ನ ಸಮಾಧಾನವಾಗಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಯಾತ್ರೆಯಲ್ಲಿ ಬಸ್ಸು ಕೆಟ್ಟು ಅರ್ಧ ದಿನ ನಿಲ್ಲಬೇಕಾಯಿತು. ನಾವು ನಾಲ್ಕು ಜನ ನದಿ ಸಮುದ್ರಕ್ಕೆ ಸೇರುವ ಜಾಗದವರೆಗೆ ನಡೆದೆವು. ನಮ್ಮ ಕರಾವಳಿಯವರು ಅಳಿವೆ ಎಂದು ಕರೆಯುವುದು ಇಂಥ ಜಾಗವನ್ನೇ. 1977ರಲ್ಲಿ ಪ್ರವಾಹದ ಸೆಳೆತಕ್ಕೆ ಕುಸಿದ ಹಳೆಯ ಸೇತುವೆಯೊಂದು ಅಲ್ಲಿ ಅರ್ಧಕ್ಕೇ ನಿಂತಿದೆ. ಅಳಿವೆಯೆಂಬುದು ನದಿಯೂ ಅಲ್ಲ, ಕಡಲೂ ಅಲ್ಲ. ಭರತದ ಉಪ್ಪುನೀರು ಒಳಕ್ಕೆ ಬಂದು ಸಿಹಿನೀರಿನೊಡನೆ ಬೆರೆಯುತ್ತದೆ. ಆ ಮಿಶ್ರಣದಲ್ಲಿ, ಕಾಂಡ್ಲಾ ಗಿಡಗಳ ಬೇರುಗಳ ಮರೆಯಲ್ಲಿ, ಮೀನಿನ ಮರಿಗಳು ಬೆಳೆದು ಕಡಲಿಗೆ ಹೋಗುತ್ತವೆ. ಒಣ ತಿಂಗಳುಗಳಲ್ಲಿ ಅಲೆಗಳು ತಂದು ಹಾಕುವ ಮರಳು ಈ ಬಾಗಿಲನ್ನು ಮುಚ್ಚುತ್ತದೆ. ಆಗ ಸುಮಾರು 42 ಕಿಲೋಮೀಟರ್ ಹರಿದುಬಂದ ನದಿಯಲ್ಲಿ ನಿಲ್ಲುವುದು ನಗರದ ಕೊಳಚೆ ಮಾತ್ರ. ಹೊಸ ಮಳೆ ಬಂದೊಡನೆ ಆ ಕೊಳಚೆ ಒಮ್ಮೆಗೇ ಕೆಳಕ್ಕೆ ನುಗ್ಗಿ, ನೀರಿನಲ್ಲಿ ಉಸಿರಿಲ್ಲದೆ ಮೀನುಗಳು ಸತ್ತು ತೇಲುತ್ತವೆ.

ಉತ್ತರ ದಡದ ಶ್ರೀನಿವಾಸಪುರದಲ್ಲಿ ವಯಸ್ಸಾದ ಒಬ್ಬ ತಾಯಿ ಒಣಮೀನು ಹರಡುತ್ತಿದ್ದರು. 2004ರ ಡಿಸೆಂಬರ್ 26ರ ಸುನಾಮಿ ಹೊಡೆದ ಕೇರಿ ಅದು. ನಮ್ಮ ಜೊತೆಗಿದ್ದ ಉಪಾಧ್ಯಾಯರೊಬ್ಬರಿಗೆ ತಮಿಳು ಬರುತ್ತಿತ್ತು. ನದಿಯನ್ನು ಶುದ್ಧಗೊಳಿಸುವ ಯೋಜನೆ ನಡೆಯುತ್ತಿದೆಯಂತೆ, ನಿಮಗೆ ಸಂತೋಷವಲ್ಲವೇ ಎಂದು ಅವರ ಮೂಲಕ ಕೇಳಿಸಿದೆ. ಆ ತಾಯಿ ನನ್ನ ಬಿಳಿಯ ನಿಲುವಂಗಿಯನ್ನೊಮ್ಮೆ ನೋಡಿ ಕೇಳಿದರು: "ಫಾದರ್, ನದಿ ಚೊಕ್ಕಟವಾದ ದಿನ ನಾವು ಇಲ್ಲಿ ಇರುತ್ತೇವೆಯೇ?"

ಪ್ರಿಯ ಓದುಗರೇ, ಆ ಪ್ರಶ್ನೆಯನ್ನು ನಿಮ್ಮ ಮುಂದಿಡಲೆಂದೇ ಈ ಲೇಖನ.

ಅಡ್ಯಾರಿನಲ್ಲಿ ಒಳ್ಳೆಯ ಕೆಲಸ ನಡೆದಿಲ್ಲವೆಂದು ಹೇಳಿದರೆ ಅದು ಅನ್ಯಾಯವಾದೀತು. ಕಟ್ಟಡಗಳ ಅವಶೇಷವನ್ನೂ ಕಸವನ್ನೂ ಸುರಿದು ಹಾಳುಮಾಡಿದ್ದ ಅಳಿವೆಯ ಹಿನ್ನೀರಿನ 58 ಎಕರೆಯನ್ನು ತೆರವುಗೊಳಿಸಿ, ನೀರು ಹರಿಯುವ ಕಾಲುವೆ ತೋಡಿ, ಆ ನೆಲಕ್ಕೆ ಸಲ್ಲುವ ಗಿಡಗಳನ್ನು ನೆಟ್ಟು, 2011ರ ಜನವರಿಯಲ್ಲಿ ತೋಲ್ಕಾಪ್ಪಿಯ ಪೂಂಗಾ ಎಂಬ ಹೆಸರಿನಲ್ಲಿ ತೆರೆದರು. ಹಕ್ಕಿಗಳೂ ಏಡಿಗಳೂ ಮರಳಿ ಬಂದವು. ಶಾಲೆಯ ಮಕ್ಕಳನ್ನು ಕರೆದೊಯ್ದು ಕೆಸರಿನಲ್ಲಿ ಜೀವವಿದೆಯೆಂದು ತೋರಿಸುವ ಏರ್ಪಾಡೂ ಆಯಿತು. ಹೊಲಸನ್ನಷ್ಟೇ ಕಂಡಿದ್ದ ನಗರದ ಮಕ್ಕಳಿಗೆ ಇದು ಸಣ್ಣ ಪಾಠವಲ್ಲ.

ಆದರೆ 2015ರ ಡಿಸೆಂಬರ್ ಬಂತು. ಚೆಂಬರಂಬಾಕ್ಕಂ ಜಲಾಶಯದಿಂದ ಸೆಕೆಂಡಿಗೆ 29,000 ಘನ ಅಡಿ ನೀರು ಹೊರಬಿದ್ದು ಅಡ್ಯಾರ್ ಉಕ್ಕಿ ಹರಿಯಿತು. ಅದಾದ ನಂತರ ನದಿಯ ಪುನರುಜ್ಜೀವನದ ಮಾತು ಬಂದಾಗಲೆಲ್ಲ ಮೊದಲು ಕೈಬಿದ್ದದ್ದು ದಡದ ಗುಡಿಸಲುಗಳ ಮೇಲೆ. ಅಲ್ಲಿದ್ದ ಕುಟುಂಬಗಳನ್ನು ನಗರದ ದಕ್ಷಿಣದ ಅಂಚಿನಲ್ಲಿರುವ ಪೆರುಂಬಾಕ್ಕಂನ ಬಹುಮಹಡಿ ವಸತಿಗಳಿಗೆ ಸಾಗಿಸಿದರು. ಮನೆಗೆಲಸಕ್ಕೂ ಕೂಲಿಗೂ ನಡೆದೇ ಹೋಗುತ್ತಿದ್ದವರಿಗೆ ಕೆಲಸ ದೂರವಾಯಿತು. ಮಕ್ಕಳ ಶಾಲೆ ದೂರವಾಯಿತು.

ಅಧಿಕಾರಿಗಳ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಪ್ರವಾಹದ ದಾರಿಯಲ್ಲಿ ಮಲಗಿದ ಮಗುವನ್ನು ಅಲ್ಲಿಯೇ ಬಿಡಿರೆಂದು ಯಾವ ಕರುಣೆಯೂ ಹೇಳದು. ನದಿಗೆ ಹರಡಲು ಜಾಗ ಬೇಕು, ಅದೂ ನಿಜ. ಆದರೆ ಅದೇ ನದಿಯ ಮೇಲೆ ವಿಮಾನ ನಿಲ್ದಾಣದ ಎರಡನೆಯ ಓಡುದಾರಿ ಹಾದುಹೋಗಿದೆ. ಅಳಿವೆಯ ಅಂಚಿನಲ್ಲೇ ಗಗನಚುಂಬಿ ಕಟ್ಟಡಗಳೆದ್ದಿವೆ. ನದಿಯನ್ನು ಇಕ್ಕಟ್ಟಾಗಿಸಿದವರಲ್ಲಿ ಜಾಗ ಬಿಟ್ಟುಕೊಡಬೇಕಾದವರು ಬಡವರು ಮಾತ್ರವೇ? ಕೊಳಚೆಯ ಲೆಕ್ಕ ಹಿಡಿದರಂತೂ, ದಿನಕ್ಕೆ ನಾಲ್ಕು ಕೊಡ ನೀರು ಬಳಸುವ ಗುಡಿಸಲಿಗಿಂತ ಕೊಠಡಿಗೊಂದು ಸ್ನಾನಗೃಹವಿರುವ ಮನೆಯೇ ನದಿಗೆ ಹೆಚ್ಚು ಸುರಿಯುತ್ತದೆ. ಆ ಮನೆಯ ಕೊಳವೆ ನೆಲದಡಿ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಗುಡಿಸಲು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬಿದ್ದದ್ದನ್ನೇ ಪಾಪವೆಂದು ಎಣಿಸುವುದು ನಮ್ಮ ಹಳೆಯ ಚಾಳಿ.

ಗುರುಮಠದಲ್ಲಿ ಓದುವಾಗ ಪ್ರವಾದಿ ಯೆಜೆಕಿಯೇಲನ 47ನೆಯ ಅಧ್ಯಾಯವನ್ನು ಬೋಧಿಸಿದ ಗುರುಗಳು ನಮಗೊಂದು ಪ್ರಶ್ನೆ ಹಾಕಿದ್ದರು. ದೇವಾಲಯದ ಹೊಸ್ತಿಲಿಂದ ಹೊರಟ ನೀರು ಮೃತಸಮುದ್ರವನ್ನು ಸೇರಿ ಅದನ್ನು ಗುಣಪಡಿಸುತ್ತದೆ. ಹಾಗೆ ಗುಣವಾಯಿತೆಂಬುದಕ್ಕೆ ಪ್ರವಾದಿ ಕೊಡುವ ಗುರುತೇನು? ನಾವು ಮರಗಳೆಂದೆವು, ಮೀನುಗಳೆಂದೆವು. ಅವೂ ಇವೆ. ಗುರುಗಳು ಬೆರಳಿಟ್ಟು ತೋರಿಸಿದ್ದು ಬೇರೆಯ ಸಾಲನ್ನು: ದಡದುದ್ದಕ್ಕೂ ಬೆಸ್ತರು ನಿಂತಿರುತ್ತಾರೆ, ಬಲೆ ಹರಡಲು ಅಲ್ಲಿ ಜಾಗವಿರುತ್ತದೆ. ಜೌಗು ನೆಲ ಮಾತ್ರ ಉಪ್ಪಿಗೆಂದು ಹಾಗೆಯೇ ಉಳಿಯುತ್ತದೆಂಬ ಮುಂದಿನ ಮಾತಿಗೆ ತರಗತಿಯಲ್ಲಿ ಚರ್ಚೆಯಾಯಿತು. ಮೀನು ತಿನ್ನುವವರಿಗೆ ಉಪ್ಪೂ ಬೇಕಲ್ಲವೇ ಎಂದು ನಕ್ಕು ಅವರು ಪುಸ್ತಕ ಮುಚ್ಚಿದರು. ಆಗ ನಾನೂ ನಕ್ಕಿದ್ದೆ. ಆ ತಾಯಿಯ ಪ್ರಶ್ನೆ ಕೇಳಿದ ಮೇಲೆ ಆ ಸಾಲಿನ ಭಾರ ತಿಳಿಯಿತು. ಬೆಸ್ತರಿಲ್ಲದ ಶುದ್ಧ ನದಿ ಪ್ರವಾದಿಯ ದರ್ಶನದಲ್ಲಿ ಇಲ್ಲ.

ಇಂದು ಎಲ್ಲ ಯೋಜನೆಗಳಲ್ಲಿಯೂ 'ಸಮುದಾಯದ ಸಹಭಾಗಿತ್ವ' ಎಂಬ ಪದವನ್ನು ಕಾಣುತ್ತೇವೆ. ಅದರ ಅರ್ಥ ಹೆಚ್ಚಾಗಿ ಭಾನುವಾರ ಬೆಳಿಗ್ಗೆ ಕೈಚೀಲ ತೊಟ್ಟು ಪ್ಲಾಸ್ಟಿಕ್ ಹೆಕ್ಕುವುದು. ಹೆಕ್ಕಬಾರದೆಂದಲ್ಲ. ಆದರೆ ಹೆಕ್ಕುವಾಗ ಕರೆಯುವ ನಾವು, ತೀರ್ಮಾನಿಸುವಾಗ ಯಾರನ್ನು ಕರೆಯುತ್ತೇವೆ? ಅಳಿವೆಯ ಬಾಯಿ ಯಾವ ತಿಂಗಳು ಮುಚ್ಚುತ್ತದೆ, ಯಾವ ಗಾಳಿಗೆ ನೀರಿನ ಸೆಳೆತ ತಿರುಗುತ್ತದೆ ಎಂಬುದನ್ನು ದಿನವೂ ನೋಡುವವರು ಬೆಸ್ತರು. ಪ್ರಭುವಿನ ಗಾಯವನ್ನು ಮುಟ್ಟಿ ನೋಡದೆ ನಂಬೆನೆಂದ ತೋಮಾಸರನ್ನು ನಾವು ಸಂದೇಹಿಯೆಂದು ಹಗುರವಾಗಿ ಕರೆಯುತ್ತೇವೆ. ಈ ನದಿಯ ಗಾಯವನ್ನು ಮುಟ್ಟಿ ಬದುಕಿದವರು ಸಭೆಯ ಹೊರಗಿದ್ದರೆ ಒಳಗಿನವರು ನಂಬುವುದಾದರೂ ಏನನ್ನು? ಭೂಮಿಯ ಮೊರೆ ಬೇರೆ, ಬಡವರ ಮೊರೆ ಬೇರೆ ಎಂದು ವಿಂಗಡಿಸಬೇಡಿರೆಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಕೇಳಿಕೊಂಡದ್ದು ಇದನ್ನೇ.

ಬೇರೆ ದಾರಿಯಿಲ್ಲವೆಂದೇನೂ ಅಲ್ಲ. ಅಳಿವೆಯ ದಕ್ಷಿಣಕ್ಕೆ ಊರೂರ್ ಆಲ್ಕಾಟ್ ಕುಪ್ಪಂ ಎಂಬ ಬೆಸ್ತರ ಹಳ್ಳಿಯಿದೆ. 2015ರಲ್ಲಿ ಗಾಯಕ ಟಿ.ಎಂ. ಕೃಷ್ಣ ಮತ್ತಿತರರು ಅಲ್ಲಿಯ ಜನರೊಡನೆ ಸೇರಿ ಆ ಹಳ್ಳಿಯಲ್ಲೇ ಕಲಾ ಉತ್ಸವವೊಂದನ್ನು ಆರಂಭಿಸಿದರು. ಬೆಸೆಂಟ್ ನಗರದ ಮಹಡಿಮನೆಗಳವರು ಕೂಗಳತೆಯಲ್ಲಿದ್ದ ಕೇರಿಗೆ ಅತಿಥಿಗಳಾಗಿ ಹೋಗಿ ನೆಲದ ಮೇಲೆ ಕುಳಿತರು. ಹಾಡಿನಿಂದ ನದಿ ಶುದ್ಧವಾಗದು, ಬಲ್ಲೆ. ಆದರೆ ಅತಿಥಿಯಾಗಿ ಹೋದ ಮನೆಯನ್ನು ಮರುದಿನ ಒತ್ತುವರಿಯೆಂದು ಕರೆಯಲು ನಾಲಿಗೆ ಸ್ವಲ್ಪವಾದರೂ ಹಿಂಜರಿಯುತ್ತದೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮದೊಂದು ಪಾಪನಿವೇದನೆಯೂ ಬಾಕಿಯಿದೆ. ಆ ದಿನ ಸಂಜೆ ಕಡಲ ದಂಡೆಯಲ್ಲಿ ಚಿತ್ರಾನ್ನ ಉಂಡು, ಕಾಗದದ ತಟ್ಟೆಗಳನ್ನು ಅಲ್ಲಿಯೇ ಬಿಟ್ಟು ನಾವು ಬಸ್ಸು ಹತ್ತಿದೆವು. ಅಷ್ಟೇ ಆಗಿದ್ದರೆ ಯಾತ್ರೆಯ ಅವಸರವೆನ್ನಬಹುದಿತ್ತು. ಊರಿಗೆ ಬಂದು ಯೋಚಿಸಿದಾಗ ಇನ್ನೊಂದು ಹೊಳೆಯಿತು. ಬೆಂಗಳೂರಿನ ಪೂರ್ವ ಭಾಗದ ಕೊಳಚೆ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ನದಿ ಹೊಸೂರಿನ ಬಳಿ ತಮಿಳುನಾಡನ್ನು ಹೊಕ್ಕು ಕಡಲೂರಿನಲ್ಲಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅಲ್ಲಿಯೂ ಒಂದು ಅಳಿವೆಯಿದೆ, ಬಲೆ ಹರಡುವವರಿದ್ದಾರೆ. ಅವರ ನದಿಯ ಸಮುದಾಯದಲ್ಲಿ ನಾವೂ ಸೇರಿದ್ದೇವೆ, ಅವರು ನಮ್ಮನ್ನು ಕಂಡಿಲ್ಲದಿದ್ದರೂ.

ಮರುವಾರ ದೇವಾಲಯದ ಸಭಾಭವನದ ದುರಸ್ತಿಗೆ ಬಂದಿದ್ದ ಗಾರೆಕೆಲಸದವರನ್ನು ಕೇಳಿದೆ: "ನಮ್ಮ ಅಡಿಗೆಮನೆಯ ನೀರು ಎಲ್ಲಿಗೆ ಹೋಗುತ್ತದಪ್ಪಾ?"

"ಮೋರಿಗೆ, ಫಾದರ್."

"ಮೋರಿಯಿಂದ?"

ಅವರು ಕರಣಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇದನ್ನು ಯಾರೂ ಕೇಳಿಲ್ಲ ಎಂದರು.