ಎಣಿಸಿ ಬಡಿಸಿದ ಊಟ

ಇಟಲಿಯ ಮೊಡೆನಾ ಊರಿನಲ್ಲಿ ಟೊರ್ಟೆಲ್ಲಿನಿಯನ್ನು ಯಾರೂ ಎಣಿಸಿ ತಿನ್ನುವುದಿಲ್ಲ. ಹಿಟ್ಟಿಗೆ ಮೊಟ್ಟೆ ಹಾಕಿ ಕಲಸಿ, ತೆಳ್ಳಗೆ ಲಟ್ಟಿಸಿ, ಪುಟ್ಟ ಚೌಕಗಳಾಗಿ ಕತ್ತರಿಸಿ, ನಡುವೆ ಹಂದಿಮಾಂಸ ಮತ್ತು ಚೀಸಿನ ಹೂರಣವನ್ನು ಕಡಲೆಕಾಳಿನಷ್ಟು ಇಟ್ಟು, ಬೆರಳಿಗೆ ಸುತ್ತಿ ಮಡಿಸುವ ತಿನಿಸು ಅದು. ಕ್ರಿಸ್‌ಮಸ್ ದಿನ ಬಿಸಿ ಮಾಂಸದ ಸಾರಿನಲ್ಲಿ ಬಟ್ಟಲು ತುಂಬ ಬರುತ್ತದೆ. ಮುಗಿಯಿತೋ, ಇನ್ನೊಂದು ಸೌಟು. ಅಂಥ ಊರಿನಲ್ಲಿ ಮಾಸ್ಸಿಮೊ ಬೊಟ್ಟೂರಾ ಎಂಬ ಬಾಣಸಿಗರು ಒಂದು ತಟ್ಟೆಯಲ್ಲಿ ಆರೇ ಆರು ಟೊರ್ಟೆಲ್ಲಿನಿಯನ್ನು, ಹೆಪ್ಪುಗಟ್ಟಿದ ಸಾರಿನ ಮೇಲೆ ಸಾಲಾಗಿ ನಡೆದು ಹೋಗುತ್ತಿವೆಯೋ ಎಂಬಂತೆ ಜೋಡಿಸಿ ಬಡಿಸಿದರು. ಊರಿಗೆ ಊರೇ ಸಿಟ್ಟಾಯಿತು. ಅಜ್ಜಿಯ ಅಡುಗೆಗೆ ಕೈ ಹಾಕಲು ಇವರು ಯಾರು ಎಂದರು.

ಇದೇ ಬೊಟ್ಟೂರಾ ಚಿಕ್ಕಂದಿನಲ್ಲಿ ಅಣ್ಣಂದಿರ ಕಾಟ ತಪ್ಪಿಸಿಕೊಳ್ಳಲು ಅಡುಗೆಮನೆಯ ಮೇಜಿನ ಕೆಳಗೆ ಅವಿತು, ಅಜ್ಜಿ ಮಡಿಸಿಟ್ಟ ಹಸಿ ಟೊರ್ಟೆಲ್ಲಿನಿಯನ್ನು ಕದ್ದು ತಿಂದವರು. 1995ರಲ್ಲಿ ಅವರು ತೆರೆದ ಒಸ್ಟೆರಿಯಾ ಫ್ರಾಂಚೆಸ್ಕಾನಾ ಎಂಬ ರೆಸ್ಟೋರೆಂಟಿನಲ್ಲಿ ಇರುವುದು ಹನ್ನೆರಡೇ ಮೇಜು. ಮೊದಲ ವರ್ಷಗಳಲ್ಲಿ ಅವೂ ತುಂಬುತ್ತಿರಲಿಲ್ಲ. ಮುಂದೆ ಮಿಶೆಲಿನ್ ಕೈಪಿಡಿ ಅತ್ಯುತ್ತಮ ರೆಸ್ಟೋರೆಂಟುಗಳಿಗೆ ಕೊಡುವ ಮೂರು ನಕ್ಷತ್ರಗಳು ಬಂದವು. 2016ರಲ್ಲಿ, ಮತ್ತೆ 2018ರಲ್ಲಿ, ಜಗತ್ತಿನ ಐವತ್ತು ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿತು. ಈಗ ಒಬ್ಬರ ಊಟಕ್ಕೆ 300 ಯೂರೋಗೂ ಹೆಚ್ಚು, ವೈನ್ ಬೇರೆ. ಆದರೂ ಅಲ್ಲಿ ಜಾಗ ಸಿಗುವುದು ಕಷ್ಟ.

ಇಂಥ ಕಡೆ ಏನು ಬೇಕೆಂದು ಯಾರೂ ಕೇಳುವುದಿಲ್ಲ. ಯಾವುದಾದ ಮೇಲೆ ಯಾವುದು, ಎಷ್ಟು, ಬಿಸಿಯೋ ತಣ್ಣನೆಯೋ, ಎಲ್ಲವನ್ನೂ ಅಡುಗೆಮನೆಯೇ ತೀರ್ಮಾನಿಸಿರುತ್ತದೆ. ಒಂದರ ಹಿಂದೆ ಒಂದರಂತೆ ಹತ್ತು ಹನ್ನೆರಡು ತಟ್ಟೆಗಳು, ಒಂದೊಂದರಲ್ಲಿ ಎರಡು ಮೂರು ತುತ್ತು. ಮೂರು ಗಂಟೆ ಕುಳಿತಿರಬೇಕು. ಇಟಲಿಯವರ ದಿನನಿತ್ಯದ ಊಟಕ್ಕೂ ಒಂದು ಕ್ರಮವಿದೆ: ಮೊದಲು ಪಾಸ್ತಾ ಅಥವಾ ಅನ್ನ, ಆಮೇಲೆ ಮಾಂಸ ಅಥವಾ ಮೀನು, ಕೊನೆಗೆ ಸಿಹಿ. ಆ ಕ್ರಮವನ್ನು ಬಿಡಿಸಿ, ತಟ್ಟೆ ಚಿತ್ರದಂತೆ ಕಾಣಬೇಕೆಂದು ಹಟ ಹಿಡಿದವರಲ್ಲಿ ಮೊದಲಿಗರು ಮಿಲಾನಿನ ಗ್ವಾಲ್ತಿಯೆರೊ ಮಾರ್ಕೇಸಿ. ಕೇಸರಿ ಹಾಕಿ ಬೇಯಿಸಿದ ಅನ್ನದ ಮೇಲೆ ಚಿನ್ನದ ಹಾಳೆಯ ತುಣುಕು ಇಟ್ಟ ಅವರ ತಟ್ಟೆ 1981ರದು. ಇಟಲಿಗೆ ಮೊದಲ ಬಾರಿ ಮೂರು ನಕ್ಷತ್ರ ತಂದವರೂ ಅವರೇ.

‘ಅಷ್ಟು ದುಡ್ಡು ಕೊಟ್ಟು ಹೊಟ್ಟೆಗೆ ಸಾಲದಷ್ಟು ತಿಂದು ಬರುವುದೇ?’ ಎಂದು ಕೇಳುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹೊಟ್ಟೆಯ ಪ್ರಶ್ನೆ ದೊಡ್ಡ ಪ್ರಶ್ನೆಯೇ. ಆದರೆ ಮೊಡೆನಾದ ಆ ಆರು ಟೊರ್ಟೆಲ್ಲಿನಿಯಲ್ಲಿ ಇರುವುದು ಜಿಪುಣತನವಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಬಟ್ಟಲು ತುಂಬ ಬಂದದ್ದನ್ನು ನಾವು ಮಾತಾಡುತ್ತಾ ತಿಂದು ಮುಗಿಸುತ್ತೇವೆ. ಆರೇ ಇದ್ದರೆ ಪ್ರತಿಯೊಂದನ್ನೂ ನೋಡುತ್ತೇವೆ: ಮಡಿಕೆ ಎಲ್ಲಿ ಕೂಡಿದೆ, ಹೂರಣ ಎಷ್ಟಿದೆ, ಇದನ್ನು ಮಡಿಸಿದ ಬೆರಳು ಎಷ್ಟು ಸಣ್ಣದಿರಬೇಕು. ಮನೆಯಲ್ಲಿ ಯಾರೋ ಬೆಳಗಿನಿಂದ ಕುಳಿತು ನೂರಾರು ಮಡಿಸಿದ್ದನ್ನು ಇಷ್ಟು ದಿನ ಗಮನವಿಲ್ಲದೆ ತಿಂದಿದ್ದೇವೆ ಎಂಬುದು ಆಗ ಹೊಳೆಯುತ್ತದೆ. ಊರವರಿಗೆ ಚುಚ್ಚಿದ್ದು ಇದೇ ಇರಬೇಕು.

ಬೊಟ್ಟೂರಾ ಅವರ ಇನ್ನೊಂದು ತಟ್ಟೆ, ಪಾಸ್ತಾ ಹಾಳೆಗಳನ್ನು ಪೇರಿಸಿ ಬೇಯಿಸುವ ಲಸಾನ್ಯದ ಗರಿ ಅಂಚು ಮಾತ್ರ. ಲಸಾನ್ಯವನ್ನು ಒಲೆಯಿಂದ ತೆಗೆದಾಗ ಮೂಲೆಯಲ್ಲಿ ಹೊತ್ತಿ ಗರಿಗರಿಯಾದ ಭಾಗಕ್ಕೆ ಅಲ್ಲಿನ ಮಕ್ಕಳು ಜಗಳವಾಡುತ್ತಾರೆ, ತುಪ್ಪ ಕಾಸಿದ ಪಾತ್ರೆಯ ತಳದ ಗಸಿಗೆ ನಮ್ಮ ಮಕ್ಕಳು ಮುಗಿಬೀಳುವಂತೆ. ಆ ಜಗಳದ ತುಣುಕನ್ನೇ ಹೆಕ್ಕಿ ದೊಡ್ಡವರ ಮುಂದೆ ಇಟ್ಟರು.

ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸುವುದು ಪಾರ್ಮಿಜಾನೊ ಚೀಸಿನ ಐದು ವಯಸ್ಸುಗಳನ್ನು ಒಂದೇ ತಟ್ಟೆಗೆ ತಂದದ್ದು. 24 ತಿಂಗಳ ಚೀಸು ಬಿಸಿ ಸುಫ್ಲೆಯಾಗಿ ಉಬ್ಬಿದೆ, 30 ತಿಂಗಳದ್ದು ಗೊಜ್ಜಿನಂತೆ ಹರಿದಿದೆ, 36 ತಿಂಗಳದ್ದು ತಣ್ಣನೆಯ ನೊರೆ, 40 ತಿಂಗಳದ್ದು ತೆಳು ಹಪ್ಪಳ, 50 ತಿಂಗಳದ್ದು ನಾಲಿಗೆಗೆ ತಾಗಿದೊಡನೆ ಕರಗುವ ಹಗುರ ಗುಳ್ಳೆ. ಇಡೀ ತಟ್ಟೆ ಬೆಳ್ಳಗೆ, ಹೆಚ್ಚೆಂದರೆ ತುಸು ಹಳದಿ. ಕಣ್ಣಿಗೆ ಹಬ್ಬವೇನಲ್ಲ. ಆದರೆ ಹಾಲು, ಉಪ್ಪು, ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್, ಇಷ್ಟೇ ಸೇರಿದ ಪದಾರ್ಥ ನಾಲ್ಕು ವರ್ಷ ಸುಮ್ಮನೆ ಕುಳಿತು ಏನೇನಾಗಬಲ್ಲದು ಎಂಬುದು ಐದು ತುತ್ತಿನಲ್ಲಿ ನಾಲಿಗೆಗೆ ತಿಳಿಯುತ್ತದೆ.

ಆ ಕಾಯುವಿಕೆಯ ಲೆಕ್ಕ ದೊಡ್ಡದು. ಹಿಂದಿನ ಸಂಜೆ ಕರೆದು ಕೆನೆ ತೆಗೆದ ಹಾಲಿಗೆ ಬೆಳಗಿನ ಹಾಲು ಬೆರೆಸಿ ತಾಮ್ರದ ಹಂಡೆಯಲ್ಲಿ ಒಡೆಸುತ್ತಾರೆ. ಸುಮಾರು 40 ಕಿಲೋ ತೂಗುವ ಒಂದು ಚೀಸು ಗಾಲಿಗೆ 500 ಲೀಟರಿಗೂ ಹೆಚ್ಚು ಹಾಲು ಬೇಕು. ವರ್ಷ ತುಂಬಿದ ಮೇಲೆ ಪರೀಕ್ಷಕರು ಪುಟ್ಟ ಸುತ್ತಿಗೆಯಿಂದ ಗಾಲಿಯ ಮೈಯನ್ನೆಲ್ಲ ತಟ್ಟುತ್ತಾ ಕಿವಿಗೊಡುತ್ತಾರೆ; ಒಳಗೆ ಬಿರುಕು, ಟೊಳ್ಳು ಇದ್ದರೆ ಸದ್ದೇ ಹೇಳುತ್ತದೆ. ಆ ಹಾಲು ಬರುವ ಪೊ ನದಿಯ ಬಯಲಿನ ಕೊಟ್ಟಿಗೆಗಳಲ್ಲಿ ಹಸು ನೋಡಿಕೊಳ್ಳುವವರಲ್ಲಿ ಪಂಜಾಬಿನಿಂದ ಹೋದ ಸಿಖ್ಖರು ಬಹಳ ಮಂದಿ. ಅವರಿಗಾಗಿ ನೊವೆಲ್ಲಾರಾ ಊರಿನಲ್ಲಿ 2000ದಲ್ಲೇ ದೊಡ್ಡ ಗುರುದ್ವಾರ ಎದ್ದಿತು. ಇಟಲಿಯ ಹೆಮ್ಮೆ ಎಂದು ಜಗತ್ತು ಕರೆಯುವ ಚೀಸಿನಲ್ಲಿ ನಮ್ಮ ದೇಶದವರ ನಸುಕಿನ ದುಡಿಮೆ ಬೆರೆತಿದೆ. ನನ್ನ ಮನಸ್ಸಿನಲ್ಲಿ ಆ ತಟ್ಟೆಯ ಬೆಲೆ ಏರುವುದು ಇದರಿಂದಲೂ ಹೌದು.

ಇಲ್ಲೊಂದು ಮಾತು ನಮ್ಮ ಸಸ್ಯಾಹಾರಿ ಪ್ರವಾಸಿಗಳಿಗೆ. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರು ಹೊತ್ತ ಚೀಸಿಗೆ ಕರುವಿನ ರೆನ್ನೆಟ್ ಬಳಸಲೇಬೇಕೆಂದು ನಿಯಮವಿದೆ. ಮಾಂಸವಿಲ್ಲದ ಪಾಸ್ತಾದ ಮೇಲೆ ಉದುರಿಸಿದ್ದೂ ಅದೇ ಆಗಿರಬಹುದು. ಸಂಕೋಚವಿಲ್ಲದೆ ಕೇಳಬೇಕು. ಸಸ್ಯಾಹಾರದ ಊಟ ಅಲ್ಲಿ ಅಪರಿಚಿತವೇನಲ್ಲ: ಮಿಲಾನಿನಲ್ಲಿ ಪಿಯೆತ್ರೊ ಲೀಮನ್ ಕಟ್ಟಿದ ‘ಜೋಯಾ’ ಎಂಬ ಸಸ್ಯಾಹಾರಿ ರೆಸ್ಟೋರೆಂಟು 1996ರಲ್ಲೇ ಮಿಶೆಲಿನ್ ನಕ್ಷತ್ರ ಪಡೆದಿತ್ತು.

ಹಲವು ತಟ್ಟೆಯ ಊಟಗಳೆಲ್ಲ ಹೀಗೇ ಇರುತ್ತವೆ ಎಂದು ನಾನು ಹೇಳಲಾರೆ. ಯಾವ ಊರಿನ ನೆಲವೂ ಅಂಟಿಕೊಳ್ಳದ, ದುಬಾರಿ ಮೀನಿನ ಮೊಟ್ಟೆ ಮತ್ತು ಟ್ರಫಲ್ ಅಣಬೆಯ ಚೂರುಗಳನ್ನು ಒಂದರ ಮೇಲೊಂದು ಪೇರಿಸಿ ಕಣ್ಣು ಕುಕ್ಕಿಸುವ ಊಟಗಳಿವೆ. ಅವು ಎಲ್ಲಿ ತಿಂದರೂ ಒಂದೇ. ಬೊಟ್ಟೂರಾ ಅವರ ಹಾವುಮೀನಿನ ತಟ್ಟೆಯನ್ನು ಬೇರೆಲ್ಲಿಯೂ ಬಡಿಸಲಾಗದು. ದ್ರಾಕ್ಷಿರಸ ಕುದಿಸಿ ಗಟ್ಟಿ ಮಾಡಿದ ಪಾಕವನ್ನು ಹಾವುಮೀನಿಗೆ ಲೇಪಿಸಿ, ಪಕ್ಕದಲ್ಲಿ ಮೆಕ್ಕೆಜೋಳದ ಹಿಟ್ಟಿನ ಗಂಜಿ, ಆ ಸೀಮೆಯ ಹುಳಿ ಸೇಬಿನ ರಸ ಇಡುತ್ತಾರೆ. ಮೀನು ಪೊ ನದಿಯಲ್ಲಿ ಎದುರೀಜುತ್ತಾ ಮೇಲೆ ಬರುತ್ತಿದೆ ಎಂಬುದು ಅದರ ಕಥೆ. 1598ರಲ್ಲಿ ಪೋಪರಿಗೆ ಫೆರ್ರಾರಾ ನಗರವನ್ನು ಬಿಟ್ಟುಕೊಟ್ಟು ಮೊಡೆನಾಕ್ಕೆ ಬಂದ ಎಸ್ತೆ ಎಂಬ ಆಳುವ ಮನೆತನದ ದಾರಿ ಆ ತಟ್ಟೆಯಲ್ಲಿದೆ.

2012ರ ಮೇ ತಿಂಗಳಲ್ಲಿ ಮೊಡೆನಾ ಸೀಮೆಯಲ್ಲಿ ಎರಡು ಸಲ ಭೂಮಿ ನಡುಗಿದಾಗ ಚೀಸು ಪಕ್ವವಾಗುತ್ತಿದ್ದ ಉಗ್ರಾಣಗಳ ಅಟ್ಟಣೆಗಳು ಕುಸಿದು 3 ಲಕ್ಷಕ್ಕೂ ಹೆಚ್ಚು ಗಾಲಿಗಳಿಗೆ ಪೆಟ್ಟಾಯಿತು. ಒಡೆದದ್ದನ್ನು ಬೇಗ ಮಾರದಿದ್ದರೆ ಎಷ್ಟೋ ಕುಟುಂಬಗಳು ಬೀದಿಗೆ ಬೀಳುತ್ತಿದ್ದವು. ರೋಮಿನವರು ಕುರಿಹಾಲಿನ ಚೀಸು, ಕರಿಮೆಣಸು ಹಾಕಿ ಪಾಸ್ತಾ ಮಾಡುವ ಬಗೆಯನ್ನೇ ಹಿಡಿದು, ಪಾಸ್ತಾದ ಬದಲು ಅಕ್ಕಿ, ಕುರಿಚೀಸಿನ ಬದಲು ಪಾರ್ಮಿಜಾನೊ ಇಟ್ಟು ಬೊಟ್ಟೂರಾ ಸರಳ ಅನ್ನವೊಂದನ್ನು ರೂಪಿಸಿದರು. ಆ ಅಕ್ಟೋಬರಿನಲ್ಲಿ ದೇಶ ದೇಶಗಳ ಜನ ಅದನ್ನು ಒಂದೇ ದಿನ ತಮ್ಮ ತಮ್ಮ ಮನೆಗಳಲ್ಲಿ ಬೇಯಿಸಿದರು.

2015ರಲ್ಲಿ, ಮಿಲಾನಿನ ಎಕ್ಸ್‌ಪೋ ಎಂಬ ಜಾಗತಿಕ ಮೇಳದ ಹೊತ್ತಿನಲ್ಲಿ, ಅವರು ಮಾಡಿದ ಕೆಲಸ ಇನ್ನೂ ದೊಡ್ಡದು. ನಗರದ ಅಂಚಿನ ಗ್ರೇಕೊ ಬಡಾವಣೆಯ ಪಾಳುಬಿದ್ದ ರಂಗಮಂದಿರವನ್ನು, ಕ್ರೈಸ್ತರ ಸೇವಾಸಂಸ್ಥೆ ಕಾರಿತಾಸ್ ಜೊತೆಗೂಡಿ, ಊಟದ ಮನೆಯಾಗಿಸಿದರು. ಎಕ್ಸ್‌ಪೋದಲ್ಲಿ ಉಳಿದ ಬ್ರೆಡ್ಡು, ಕಳಿತ ಬಾಳೆಹಣ್ಣು, ಬಾಡಿದ ತರಕಾರಿ ಬಂದಂತೆ ಜಗತ್ತಿನ ಹೆಸರಾಂತ ಬಾಣಸಿಗರು ಸರದಿಯಲ್ಲಿ ನಿಂತು ಅಡುಗೆ ಮಾಡಿದರು. ಉಣ್ಣುವವರು ಮನೆಯಿಲ್ಲದವರು, ವಲಸೆ ಬಂದವರು, ಆಸುಪಾಸಿನ ಶಾಲೆಯ ಮಕ್ಕಳು. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವಂತಿಲ್ಲ. ಮೇಜಿಗೇ ತಂದು, ಮೊದಲನೆಯದು, ಎರಡನೆಯದು, ಸಿಹಿ ಎಂದು ಕ್ರಮವಾಗಿ ಬಡಿಸುತ್ತಾರೆ. ಎಕ್ಸ್‌ಪೋ ಮುಗಿದ ಮೇಲೂ ಅದು ಮುಚ್ಚಲಿಲ್ಲ. 2016ರಲ್ಲಿ ರಿಯೊದಲ್ಲಿ, ಮರುವರ್ಷ ಲಂಡನ್ನಿನಲ್ಲಿ, 2018ರಲ್ಲಿ ಪ್ಯಾರಿಸ್ಸಿನ ಮದ್ಲೇನ್ ಚರ್ಚಿನ ನೆಲಮಾಳಿಗೆಯಲ್ಲಿ ಅಂಥವೇ ಊಟದ ಮನೆಗಳು ತೆರೆದವು.