ಗಂಧದ ಗುಡಿಯ ಹೊರಗೆ ನಿಂತವರು

ನವೆಂಬರ್ ಒಂದಕ್ಕೆ ಗದಗ-ಬೆಟಗೇರಿಯ ಓಣಿಯಲ್ಲಿರಲಿ, ಲಕ್ಷ್ಮೇಶ್ವರದ ಶಾಲೆಯ ಬಯಲಿನಲ್ಲಿರಲಿ, ಕಿವಿಗೆ ಬೀಳುವುದು 'ಗಂಧದ ಗುಡಿ' ಚಿತ್ರದ ಹಾಡು. ಸಿನಿಮಾ ನೋಡದವರಿಗೂ ಅದು ಬಾಯಿಪಾಠ. ಹಾಡಿನ ಮೇಲೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಆ ಹೆಸರಿನೊಳಗಿನ 'ಗುಡಿ'ಯ ಮೇಲೆ. ಗುಡಿ ಅಂದಮೇಲೆ ಪೂಜಾರಿ ಇರತಾನ, ಹೊಸ್ತಿಲ ಇರತದ. ಆ ಹೊಸ್ತಿಲಿನ ಹೊರಗೆ ನಿಂತು ಕೈಮುಗಿದವರ ಮಕ್ಕಳು ನಾವು. ಕಾಡನ್ನು ಗುಡಿ ಮಾಡಿದಿರಲ್ಲ, ಒಳಗೆ ಯಾರು, ಹೊರಗೆ ಯಾರು ಅಂತ ನಾವಲ್ಲದೆ ಇನ್ಯಾರು ಕೇಳಬೇಕು?

ಚಿತ್ರ ಬಂದದ್ದು 1973ರಲ್ಲಿ. ಎಂ.ಪಿ. ಶಂಕರ್ ನಿರ್ಮಾಪಕರು, ವಿಜಯ್ ನಿರ್ದೇಶಕರು. ರಾಜಕುಮಾರ್ ಅರಣ್ಯಾಧಿಕಾರಿ, ವಿಷ್ಣುವರ್ಧನ್ ಎದುರಾಳಿ. ವನ್ಯಜೀವಿ ಕಾಯ್ದೆ ಬಂದು ಒಂದು ವರ್ಷವಾಗಿತ್ತಷ್ಟೆ. ಹುಲಿ ಯೋಜನೆ ಶುರುವಾದದ್ದು, ಬಂಡೀಪುರ ಅದರೊಳಗೆ ಸೇರಿದ್ದು ಅದೇ ವರ್ಷ. ಅಲ್ಲಿಯವರೆಗೆ ಬೇಟೆಯೆಂದರೆ ಅರಸರ ಶೌರ್ಯ, ಬಂಗಲೆಯ ಗೋಡೆಗೆ ತೂಗುಹಾಕಿದ ಹುಲಿಯ ತಲೆ. ಈ ಚಿತ್ರ ಪ್ರಾಣಿ ಕೊಂದವನನ್ನು ಶೂರ ಅನ್ನಲಿಲ್ಲ, ಕಳ್ಳ ಅಂದಿತು. ಕಾಡನ್ನು ಲೂಟಿ ಮಾಡುವವನು ಹಸಿದವನಲ್ಲ, ವ್ಯಾಪಾರಕ್ಕಿಳಿದವನು ಎಂದೂ ತೋರಿಸಿತು. ಜನ ದೇವರಂತೆ ಕಂಡ ನಟನೊಬ್ಬ ತನ್ನ 150ನೆಯ ಚಿತ್ರದಲ್ಲಿ ಮರಕ್ಕಾಗಿ, ಮೃಗಕ್ಕಾಗಿ ಬಡಿದಾಡಿದ. ಇದು ಸಣ್ಣ ಮಾತಲ್ಲ. ಎಷ್ಟು ಭಾಷಣ ಮಾಡಿದರೂ ಮುಟ್ಟದ ಕಡೆ ಆ ಸಿನಿಮಾ ಮುಟ್ಟಿತು.

ಆದರೆ ಕಥೆ ಅರ್ಧಕ್ಕೇ ಕಾಡು ಬಿಟ್ಟು ಮನೆಗೆ ಹೋಗಿಬಿಡುತ್ತದೆ. ಅಗಲಿದ ಅಣ್ಣತಮ್ಮ, ತಾಯಿಯ ಕಣ್ಣೀರು, ರಕ್ತಸಂಬಂಧ. ಅಣ್ಣತಮ್ಮ ಕೂಡಿದರೆ ಕಾಡಿನ ನ್ಯಾಯ ಬಗೆಹರಿಯಿತೇ? ಅದಕ್ಕಿಂತ ದೊಡ್ಡ ದೋಷ, ಒಬ್ಬ ಪ್ರಾಮಾಣಿಕ ಸಾಹೇಬ ಬಂದರೆ ಎಲ್ಲ ಸರಿಹೋದೀತೆಂಬ ನಂಬಿಕೆ. ಸಾಹೇಬರಿಗೆ ವರ್ಗವಾದರೆ? ಕಾಡಿನಲ್ಲೇ ಹುಟ್ಟಿ ಬೆಳೆದವರಿಗೆ ಅಲ್ಲಿ ತೀರ್ಮಾನ ಹೇಳುವ ಬಾಯಿಲ್ಲ.

ಗಂಧದ ಕಥೆಯನ್ನೇ ತಗೊಳ್ಳಿ. 2001ರ ತಿದ್ದುಪಡಿಯವರೆಗೆ ರೈತನ ಸ್ವಂತ ಹೊಲದಲ್ಲಿ ಹುಟ್ಟಿದ ಶ್ರೀಗಂಧವೂ ಸರ್ಕಾರದ್ದೇ. ಬದುವಿನಲ್ಲಿ ಸಸಿ ಚಿಗುರಿದರೆ ರೈತ ಹಿಗ್ಗುತ್ತಿರಲಿಲ್ಲ, ಹೆದರುತ್ತಿದ್ದ. ತೆರೆಯ ಮೇಲೆ ಕಾಡುಗಳ್ಳರನ್ನು ಅಟ್ಟಿದ ಅದೇ ನಟನನ್ನು 2000ದ ಜುಲೈ 30ರಂದು ಗಾಜನೂರಿನಿಂದ ಎತ್ತಿಕೊಂಡು ಹೋದವನು ಗಂಧದ ಕಳ್ಳ ವೀರಪ್ಪನ್. ನಾಡು 108 ದಿನ ಉಸಿರು ಬಿಗಿಹಿಡಿದಿತ್ತು. ಸರಿಯೇ. ಆದರೆ ಆ ಕಳ್ಳನನ್ನು ಹುಡುಕುವ ಹೆಸರಿನಲ್ಲಿ ಖಾಕಿಯವರು ಕಾಡಂಚಿನ ಬಡವರನ್ನು ಏನು ಮಾಡಿದರು? ನ್ಯಾಯಮೂರ್ತಿ ಸದಾಶಿವ ಸಮಿತಿ ಆ ಚಿತ್ರಹಿಂಸೆಯ ವಿಚಾರಣೆ ನಡೆಸಿತು. 2007ರಲ್ಲಿ 89 ಮಂದಿಗೆ ಪರಿಹಾರವಾಯಿತು. ಆ 89 ಮಂದಿಯ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು?

ಇನ್ನು ನಮ್ಮ ಕಪ್ಪತಗುಡ್ಡಕ್ಕೆ ಬರೋಣ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಹಬ್ಬಿದ ಗುಡ್ಡ. ಹೊಟ್ಟೆಯೊಳಗೆ ಚಿನ್ನ, ಕಬ್ಬಿಣ. ಮೈಮೇಲೆ ಔಷಧಿ ಗಿಡ. 2015ರಲ್ಲಿ ಇದನ್ನು ಸಂರಕ್ಷಿತ ಪ್ರದೇಶ ಅಂದ ಸರ್ಕಾರವೇ 2016ರಲ್ಲಿ ಆದೇಶ ವಾಪಸ್ ತಗೊಂಡಿತು. ಗಣಿಯವರಿಗೆ ಬಾಗಿಲು ತೆರೆದದ್ದು ಯಾವ ಕಾಡುಗಳ್ಳನೂ ಅಲ್ಲ, ಸರ್ಕಾರದ ಒಂದು ಕಾಗದ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಮಂದಿ ಬೀದಿಗಿಳಿದರು, 2017ರಲ್ಲಿ ಆದೇಶ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಜೀಪಿನಲ್ಲಿ ಬಂದಿಳಿದ ನಾಯಕ ಇಲ್ಲಿ ಯಾರೂ ಇರಲಿಲ್ಲ.

ಗಣಿ ಲಾರಿಗೆ ತಡೆ ಬಿತ್ತು, ಸಂತೋಷ. ಆದರೆ ಧಾಮದ ಕಾನೂನಿನ ಕಣ್ಣಿಗೆ ಲಾರಿಯೂ ಒಂದೇ, ತಲೆಯ ಮೇಲಿನ ಕಟಗಿ ಹೊರಿಯೂ ಒಂದೇ. ಅಪ್ಪಣೆ ಇಲ್ಲದೆ ಅಡವಿಯಿಂದ ಏನನ್ನೂ ತರುವ ಹಾಗಿಲ್ಲ. ಕೇರಿಯ ಹೆಂಗಸರು ಖಾಕಿ ಕಂಡರೆ ಹೊರಿ ಒಗೆದು ಓಡಬೇಕು. "ಸಾವಿರ ಹೊರಿ ಕೂಡಿದ್ರ ಗುಡ್ಡ ಬೋಳಾಗೂದಿಲ್ಲೇನೋ?" ಅಂತ ಗೆಳೆಯನೊಬ್ಬ ಕೇಳಿದ. ಆಗತದ, ಯಾಕಾಗೂದಿಲ್ಲ. ಆದರೆ ಒಲೆಯ ಹಸಿವು ಸಂಜೆಗೆ ತೀರುತ್ತದೆ, ಲಾಭದ ಹಸಿವಿಗೆ ಸಂಜೆಯೇ ಇಲ್ಲ. ನಾಳೆ ಅದೇ ಗಿಡದ ಬುಡಕ್ಕೆ ಬರಬೇಕಾದವಳು ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಅನ್ನುವ ಮಾತಿಗೆ ಕೂಡುತ್ತಾಳೆ. ಕರೀಬೇಕಲ್ಲ?

2006ರ ಅರಣ್ಯ ಹಕ್ಕು ಕಾಯ್ದೆ ಕರೀರಿ ಅನ್ನುತ್ತದೆ, ಗ್ರಾಮಸಭೆಯಿಂದಲೇ ಶುರುಮಾಡಿರಿ ಅನ್ನುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು, ಅಂದರೆ ನಮ್ಮ ಕೇರಿಯವರೂ, ಮೂರು ತಲೆಮಾರು, 75 ವರ್ಷ, ಅಡವಿಯನ್ನು ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ತೋರಿಸಬೇಕು. ಹೆಬ್ಬೆಟ್ಟು ಒತ್ತಿದವರ ಮನೆಯಲ್ಲಿ ಯಾವ ಕಾಗದ? ಆ ಕಾಯ್ದೆಯ 13ನೆಯ ನಿಯಮ ನೋಡಿರಿ. ಊರ ಹಿರಿಯರ ಬಾಯಿಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಬಾವಿ, ಹೂಳುವ ಜಾಗ ಕೂಡ ಸಾಕ್ಷ್ಯ. ಒಂದು ಸಾಲದು, ಎರಡಾದರೂ ಬೇಕು. ನಮ್ಮ ಮನೆತನದಲ್ಲಿ ಮೊದಲು ಪೆನ್ನು ಹಿಡಿದವನು ನಾನು. ಇದನ್ನು ಓದುವವರಲ್ಲಿ ಮಾಸ್ತರರಿದ್ದೀರಿ, ಕಾಲೇಜಿನ ಹುಡುಗರಿದ್ದೀರಿ. ಎಂಬತ್ತು ದಾಟಿದ ಅಜ್ಜಿಯರು ಗುಡ್ಡದ ಸೆರಗಿನ ಊರುಗಳಲ್ಲಿ ಇನ್ನೂ ಇದ್ದಾರೆ. ಯಾವ ಹಳ್ಳದ ದಂಡೆಗೆ ಅವರಪ್ಪ ಜ್ವಾಳ ಬಿತ್ತಿದ್ದ, ಯಾರನ್ನು ಎಲ್ಲಿ ಹೂಳಿದರು, ಅವರಿಗೆ ನೆನಪಿದೆ. ಮುಂದಿನ ಸಲ ಆ ಕಡೆ ಹೋಗುವಾಗ ನಾಲ್ಕು ಹಾಳೆ ತಗೊಂಡು ಹೋಗಿರಿ.