ಓ ಗುಂಪಿನ ಹುಸಿ ಧೈರ್ಯ

‘ನಂದು ಓ ಪಾಸಿಟಿವ್ ಐತ್ರಿ, ನನಗೇನೂ ಆಗಂಗಿಲ್ಲ.’ ಕೋವಿಡ್ ಕಾಲದಲ್ಲಿ ಹುಟ್ಟಿದ ಈ ಧೈರ್ಯ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆ ಇನ್ನೂ ಉಳಿದಿದೆ. ಊರಲ್ಲಿ ಕೆಮ್ಮು, ಜ್ವರ ಹಬ್ಬಿದಾಗ ಮತ್ತೆ ತಲೆ ಎತ್ತುತ್ತದೆ. ಅದರಲ್ಲಿ ಚೂರು ನಿಜ ಬೆರೆತಿರುವುದೇ ತೊಂದರೆ.

2020ರ ಮಾರ್ಚ್‌ನಲ್ಲಿ ಚೀನಾದ ವುಹಾನ್ ಮತ್ತು ಶೆನ್‌ಜೆನ್‌ನ 2,173 ರೋಗಿಗಳನ್ನು ನೋಡಿದ ಸಂಶೋಧಕರಿಗೆ ಎ ಗುಂಪಿನವರು ಹೆಚ್ಚು, ಓ ಗುಂಪಿನವರು ಕಡಿಮೆ ಕಂಡರು. ಅದೇ ವರ್ಷದ ಜೂನ್‌ನಲ್ಲಿ ಇಟಲಿ, ಸ್ಪೇನ್‌ಗಳ ಅಧ್ಯಯನವೂ ಉಸಿರಾಟ ತೀರಾ ಹದಗೆಟ್ಟವರಲ್ಲಿ ಅದೇ ಒಲವನ್ನು ಗುರುತಿಸಿತು. ಕಾರಣಗಳನ್ನೂ ಊಹಿಸಿದರು. ಓ ಗುಂಪಿನವರ ರಕ್ತದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯಗಳಿರುತ್ತವೆ. ರಕ್ತ ಹೆಪ್ಪುಗಟ್ಟಿಸುವ ವಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನು ಅವರಲ್ಲಿ ಸುಮಾರು ಕಾಲುಭಾಗ ಕಡಿಮೆ. ಶ್ವಾಸಕೋಶದ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಯೇ ಎಷ್ಟೋ ಕೋವಿಡ್ ರೋಗಿಗಳ ಸ್ಥಿತಿ ಬಿಗಡಾಯಿಸಿತ್ತು. ಆದರೆ 2021ರಲ್ಲಿ ಅಮೆರಿಕದ ಯೂಟಾ ಸುತ್ತಿನ ಲಕ್ಷಕ್ಕೂ ಮೀರಿದ ಜನರ ದಾಖಲೆ ತೆಗೆದು ನೋಡಿದಾಗ ಗುಂಪಿಗೂ ಸೋಂಕಿಗೂ ನಂಟೇ ಕಾಣಲಿಲ್ಲ. ಇದ್ದರೂ ಅದು ಸಣ್ಣದು. ಯಾರೊಬ್ಬರ ಪ್ರಾಣವನ್ನೂ ಅದರ ಭರವಸೆಗೆ ಬಿಡಲಾಗದು.

ನಮ್ಮ ದೇಶದಲ್ಲಿ ಓ ಮತ್ತು ಬಿ ಗುಂಪಿನವರೇ ಹೆಚ್ಚು. ಓ ಗುಂಪು ನಿಜಕ್ಕೂ ಗುರಾಣಿಯಾಗಿದ್ದರೆ ಎರಡನೇ ಅಲೆ ಇಲ್ಲಿ ಅಷ್ಟು ಮನೆಗಳ ದೀಪ ಆರಿಸುತ್ತಿರಲಿಲ್ಲ. ಆ ಅಲೆ ಏರುತ್ತಿದ್ದಾಗಲೇ, 2021ರ ಏಪ್ರಿಲ್ 17ರಂದು, ಮಸ್ಕಿಯಲ್ಲಿ ಉಪಚುನಾವಣೆ ನಡೆಯಿತು. ಪ್ರಚಾರಕ್ಕೆ ಸೇರಿದ ಜನಜಂಗುಳಿಯಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗುತ್ತಿತ್ತು. ವೈರಾಣುವಿಗೆ ಬೇಕಾದದ್ದು ಅಷ್ಟೇ.

ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ, ಒಲೆಯ ಹೊಗೆ, ಗಾಳಿಯಾಡದ ಕೋಣೆ: ನಮ್ಮನ್ನು ಕಾಡುವವು ಇವು. ಸಿಲಿಕಾ ದೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟುತ್ತದೆ ಎಂಬುದು ಬಹುಕಾಲದಿಂದ ಗೊತ್ತಿರುವ ಸತ್ಯ. ಹಟ್ಟಿ ಚಿನ್ನದ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನಲ್ಲಿ ಮೊದಲು ಆಡಬೇಕಾದ ಮಾತು ಅದು. ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ದೂಳಿನ ನಡುವೆ ಮೂಟೆ ಹೊರುವ ಹಮಾಲರಿಗೂ ಮೂಗು ಬಾಯಿ ಮುಚ್ಚುವ ಬಟ್ಟೆಯೇ ಹೆಚ್ಚು ಆಸರೆ.

ರಕ್ತದ ಗುಂಪು ತಿಳಿದಿರಲೇಬೇಕು, ಆದರೆ ಬೇರೆ ಕಾರಣಕ್ಕೆ. ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ, ಹೆದ್ದಾರಿಯಲ್ಲಿ ಗಾಯಗೊಂಡವರಿಗೆ ತಡವಿಲ್ಲದೆ ರಕ್ತ ಬೇಕಾಗುತ್ತದೆ. ಓ ನೆಗೆಟಿವ್ ಆದರಂತೂ ಸಿಗುವುದೇ ಅಪರೂಪ. ನಿಮ್ಮದು ಓ ಆಗಿದ್ದರೆ ಆ ಧೈರ್ಯವನ್ನು ರಕ್ತದಾನ ಶಿಬಿರಕ್ಕೆ ತನ್ನಿ. ಕೆಮ್ಮು ಬಂದಾಗ ಮಾತ್ರ ಎಲ್ಲರಂತೆ ಮಾಸ್ಕ್ ಹಾಕಿಕೊಳ್ಳಿ, ಮನೆಯ ಹಿರಿಯರಿಗೆ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.